ಹಿಂಚಕ್ರಕ್ಕೆ ಅಗಲದ ಟೈರು ಹಾಕಿಸಿ, ಮತ್ತೆ ಬಿಚ್ಚಿಸಿದ್ದು

ನನ್ನ ಪಲ್ಸರ್ 150 ಬೈಕಿನ ಹಿಂದಿನ ಟೈರು ಸವೆದು ನಡುಭಾಗ ಚಪ್ಪಟೆಯಾಗಿದ್ದಾಗ, ಹೇಗೂ ಬದಲಿಸಲೇಬೇಕಲ್ಲ ಎಂದುಕೊಂಡು, 100/90-17 ಅಳತೆಯದನ್ನು ತೆಗೆಸಿ 130/70-17 ಅಳತೆಯದನ್ನು ಹಾಕಿಸಿಕೊಂಡೆ. ಆಗ ಯಾರಾದರೂ ಕಾರಣ ಕೇಳಿದ್ದರೆ ಹಿಡಿತ ಹೆಚ್ಚುತ್ತದೆ ಎನ್ನುತ್ತಿದ್ದೆ. ಹಿಂದಿನಿಂದ ನೋಡಿದವರಿಗೆ ಬೈಕು ದೊಡ್ಡದಾಗಿ ಕಾಣಬೇಕೆಂಬ ಆಸೆಯೇ ನಿಜವಾದ ಕಾರಣವೆಂದು ಈಗ ಒಪ್ಪಿಕೊಳ್ಳಲು ಸಂಕೋಚವಿಲ್ಲ. ಆರಾಮಾಗಿ ಕೂರುತ್ತದೆ ಎಂದು ಅಂಗಡಿಯವರು ಹೇಳಿದರು. ಕೂತಿತು ಕೂಡ. ಚೈನ್ ಕವರಿಗೂ ಟೈರಿನ ಅಂಚಿಗೂ ನಡುವೆ ಕಿರುಬೆರಳು ತೂರದಷ್ಟು ಸಂದು ಉಳಿದಿತ್ತು, ಅಷ್ಟೆ.

ಟೈರಿನ ಮೇಲಿನ ಅಂಕಿಗಳನ್ನು ಓದಲು ನನಗೆ ಬರುತ್ತಿತ್ತು ಎಂಬುದೇ ಇಲ್ಲಿ ತಮಾಷೆ. ಮೊದಲನೆಯದು ಮಿಲಿಮೀಟರಿನಲ್ಲಿ ಅಗಲ, ಎರಡನೆಯದು ಆ ಅಗಲದ ಶೇಕಡಾ ಎಷ್ಟರಷ್ಟು ಪಕ್ಕದ ಗೋಡೆಯ ಎತ್ತರವಿದೆ ಎಂಬುದು, ಕೊನೆಯದು ಇಂಚಿನಲ್ಲಿ ರಿಮ್ಮಿನ ವ್ಯಾಸ. ಲೆಕ್ಕ ಹಾಕಿದರೆ ಹಳೆಯ ಟೈರಿನ ಒಟ್ಟು ವ್ಯಾಸ ಸುಮಾರು 612 ಮಿ.ಮೀ., ಹೊಸದರದ್ದು 614. ವ್ಯತ್ಯಾಸ ಬರೀ ಎರಡು ಮಿಲಿಮೀಟರು. 120/80-17 ಹಾಕಿದ್ದರೆ ವ್ಯಾಸ 624ಕ್ಕೆ ಏರಿ, ಬೈಕಿನ ಹಿಂಭಾಗ 6 ಮಿ.ಮೀ. ಮೇಲೇಳುತ್ತಿತ್ತು; ಎರಡು ಚಕ್ರಗಳ ನಡುವಿನ ಅಂತರ 1320 ಮಿ.ಮೀ. ಇರುವ ಈ ಬೈಕಿನಲ್ಲಿ ಅಷ್ಟಕ್ಕೇ ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕು ಕಾಲು ಡಿಗ್ರಿಯಷ್ಟು ನೆಟ್ಟಗಾಗಿ, ಹ್ಯಾಂಡಲ್ ಸ್ವಲ್ಪ ಚುರುಕಾಗುತ್ತದೆ. 130/70ರಲ್ಲಿ ಆ ತಾಪತ್ರಯವೂ ಇಲ್ಲವೆಂದು ನಾನು ಸಮಾಧಾನಪಟ್ಟುಕೊಂಡಿದ್ದೆ.

ಊರೊಳಗೆ ಓಡಾಡುವಾಗ ಏನೂ ಗೊತ್ತಾಗಲಿಲ್ಲ. ಮೂಡಿಗೆರೆಯಿಂದ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯತೊಡಗಿದಾಗ ಇದು ನನ್ನ ಬೈಕೇ ಅಲ್ಲವೇನೋ ಎನಿಸಿತು. ಮೊದಲು ತಿರುವಿಗೆ ಹೋಗುವಾಗ ಹ್ಯಾಂಡಲನ್ನು ಒಳಬದಿಯಲ್ಲಿ ಒಮ್ಮೆ ಮೆತ್ತಗೆ ಒತ್ತಿದರೆ ಸಾಕು, ಬೈಕು ಎಷ್ಟು ವಾಲಬೇಕೋ ಅಷ್ಟು ವಾಲಿ ಹಾಗೆಯೇ ನಿಲ್ಲುತ್ತಿತ್ತು. ಈಗ ಆರಂಭದಲ್ಲಿ ಮುಂದಿನ ಚಕ್ರ ಒಂದು ಹೇಳಿದರೆ ಹಿಂದಿನದು ಇನ್ನೊಂದು ಹೇಳುವಂತೆ ಅರೆಕ್ಷಣ ತಡೆದು, ಆಮೇಲೆ ಥಟ್ಟನೆ ಒಳಕ್ಕೆ ಬೀಳುತ್ತಿತ್ತು. ತಿರುವಿನ ಮಧ್ಯದಲ್ಲಿ ಸಣ್ಣ ಗುಂಡಿ ಸಿಕ್ಕರೂ ಹಿಂಭಾಗ ಮೆತ್ತಗೆ ಓಲಾಡುತ್ತಿತ್ತು. ಎಡತಿರುವು ಮುಗಿಯುತ್ತಲೇ ಬಲತಿರುವು ಎದುರಾಗುವ ಕಡೆ ಬೈಕನ್ನು ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಹೊರಳಿಸುವುದಕ್ಕೇ ತೋಳು ಸೋತುಹೋಯಿತು. ಹೊಸ ಟೈರು ಹಳೆಯದಕ್ಕಿಂತ ಎಷ್ಟು ಭಾರವೆಂಬುದು ಕೈಯಲ್ಲಿ ಎತ್ತಿದಾಗಲೇ ತಿಳಿದಿತ್ತು, ಆದರೆ ತಿರುಗುವ ಚಕ್ರದಲ್ಲಿ ಆ ಭಾರ ಹೇಗೆ ವರ್ತಿಸುತ್ತದೆಂದು ನಾನು ಯೋಚಿಸಿರಲಿಲ್ಲ.

ಮೊದಲಿಗೆ ತಪ್ಪನ್ನೆಲ್ಲ ಅಗಲದ ಮೇಲೆ ಹೊರಿಸಿದೆ. ಅಗಲದ ಟೈರಿನಲ್ಲಿ ಬೈಕು ವಾಲಿದಂತೆಲ್ಲ ನೆಲ ಮುಟ್ಟುವ ಜಾಗ ನಡುಗೆರೆಯಿಂದ ಹೆಚ್ಚು ದೂರ ಸರಿಯುತ್ತದೆ. ಆದ್ದರಿಂದ ಅದೇ ತಿರುವನ್ನು ಅದೇ ವೇಗದಲ್ಲಿ ದಾಟಲು ಬೈಕನ್ನು ಸ್ವಲ್ಪ ಹೆಚ್ಚು ವಾಲಿಸಬೇಕಾಗುತ್ತದೆ ಎಂಬುದು ನಿಜವೇ. ಆದರೆ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದಾಗ, ಮೂವತ್ತು ಡಿಗ್ರಿ ವಾಲಿಕೆಯಲ್ಲಿ ನನ್ನ ಹಳೆಯ ಟೈರಿಗೂ ಹೊಸದಕ್ಕೂ ಇರುವ ವ್ಯತ್ಯಾಸ ಸುಮಾರು ಒಂದು ಡಿಗ್ರಿಯಷ್ಟೇ ಬಂತು. ನನಗೆ ಆಗುತ್ತಿದ್ದ ಕಿರಿಕಿರಿಗೆ ಅದೊಂದೇ ಕಾರಣವಾಗಿರಲು ಸಾಧ್ಯವಿರಲಿಲ್ಲ.

ಉತ್ತರ ರಿಮ್ಮಿನಲ್ಲಿತ್ತು. ಟೈರು ಬಿಚ್ಚಿಸಿ ಅಳೆದಾಗ ಹಿಂದಿನ ರಿಮ್ಮಿನ ಒಳ ಅಗಲ 2.15 ಇಂಚು, ಅಂದರೆ 55 ಮಿಲಿಮೀಟರಿನ ಆಸುಪಾಸು. 100/90 ಟೈರಿಗೆ ಈ ಅಗಲ ನಡೆಯುತ್ತದೆ. 130/70 ಟೈರನ್ನು ರೂಪಿಸುವುದು ಮೂರೂವರೆ ಇಂಚಿನ ರಿಮ್ಮಿಗಾಗಿ, ಕನಿಷ್ಠವೆಂದರೂ ಮೂರು ಇಂಚು ಬೇಕು. ಅಷ್ಟು ಕಿರಿದಾದ ರಿಮ್ಮಿಗೆ ತುರುಕಿದಾಗ ಟೈರಿನ ಎರಡೂ ಬೀಡುಗಳು, ಅಂದರೆ ರಿಮ್ಮಿಗೆ ಕಚ್ಚಿಕೊಳ್ಳುವ ಅಂಚುಗಳು, ಒಳಕ್ಕೆ ಸೆಳೆಯಲ್ಪಟ್ಟು, ಪಕ್ಕದ ಗೋಡೆಗಳು ಬುಗ್ಗೆಯಂತೆ ಉಬ್ಬಿ, ನೆತ್ತಿಯ ಭಾಗ ಚೂಪಾಗುತ್ತದೆ. ಗಾಳಿ ತುಂಬಿದ್ದಾಗ ಕ್ಯಾಲಿಪರ್ ಹಿಡಿದು ನೋಡಿದ್ದರಲ್ಲಿ ನನಗೆ ಸಿಕ್ಕಿದ್ದ ಅಗಲ 118 ಮಿ.ಮೀ. ಮಾತ್ರ, 130ಕ್ಕೆ ದುಡ್ಡು ಕೊಟ್ಟು, ಆಕಾರ ಕೆಟ್ಟ 118ನ್ನು ಮನೆಗೆ ತಂದಿದ್ದೆ. ನೆಟ್ಟಗೆ ಹೋಗುವಾಗ ನೆಲ ಮುಟ್ಟುತ್ತಿದ್ದ ಪಟ್ಟಿ ಹಳೆಯದಕ್ಕಿಂತ ಹೆಚ್ಚೇನೂ ಅಗಲವಾಗಿರಲಿಲ್ಲ, ವಾಲಿದಾಗ ಆಧಾರ ಕೊಡಬೇಕಾದ ಗೋಡೆಗಳು ಬಾಗುತ್ತಿದ್ದವು.

ಇಷ್ಟು ತಿಳಿಯುವ ಮೊದಲೇ, 2016ರ ಮಳೆಗಾಲದಲ್ಲಿ, ಇನ್ನೊಂದು ಪಾಠವೂ ಆಗಿತ್ತು. ಅದೇ ಘಾಟಿಯ ಒಂದು ಹೇರ್‌ಪಿನ್ ತಿರುವಿನಲ್ಲಿ, ಬಂಡೆಯಿಂದ ಇಳಿದ ನೀರು ರಸ್ತೆಗೆ ಅಡ್ಡಲಾಗಿ ಹರಿಯುತ್ತಿದ್ದಾಗ, ಮುಂದಿನ ಬ್ರೇಕನ್ನು ಇನ್ನೂ ಪೂರ್ತಿ ಬಿಡದೆಯೇ ವಾಲಿಸಿದೆ. ಜಾರಿದ್ದು ಹಿಂದಿನ ಚಕ್ರವಲ್ಲ, ಮುಂದಿನದು. ಬ್ರೇಕು ಬಿಟ್ಟು ಕಾಲು ಊರಿದ್ದರಿಂದ ಬೀಳಲಿಲ್ಲ, ಆದರೆ ಬೈಕು ನಿಂತದ್ದು ತಡೆಗೋಡೆಯಿಂದ ಒಂದು ಮಾರು ಈಚೆಗೆ. ಮುಂದಿನ ಟೈರಿನ ಮೈಮೇಲಿನ ತಾರೀಖಿನ ಅಂಕಿ 2311 ಎಂದಿತ್ತು, ಅಂದರೆ 2011ರ ಇಪ್ಪತ್ತಮೂರನೆಯ ವಾರದಲ್ಲಿ ತಯಾರಾದದ್ದು. ಪಟ್ಟೆಗಳ ಆಳ ಚೆನ್ನಾಗಿಯೇ ಇದ್ದುದರಿಂದ ಅದನ್ನು ಬದಲಿಸುವ ಯೋಚನೆಯೇ ನನಗೆ ಬಂದಿರಲಿಲ್ಲ. ಉಗುರಿನಿಂದ ಒತ್ತಿದರೆ ಗುರುತು ಬೀಳದಷ್ಟು ರಬ್ಬರು ಗಟ್ಟಿಯಾಗಿತ್ತು. ಹಿಂದೆ ಹೊಸ ರಬ್ಬರಿನ ಧೈರ್ಯ, ಮುಂದೆ ಐದು ವರ್ಷದ ಗಟ್ಟಿ ರಬ್ಬರು ಎಂಬ ಈ ಜೋಡಿಯೇ ನನ್ನನ್ನು ತಿರುವಿಗೆ ವೇಗವಾಗಿ ಕಳಿಸಿ ಅಲ್ಲಿ ಕೈಬಿಟ್ಟಿತ್ತು. ಹಿಂದಿನ ಚಕ್ರ ಜಾರಿದರೆ ಸಾವರಿಸಿಕೊಳ್ಳಲು ಒಂದಿಷ್ಟು ಸಮಯ ಸಿಗುತ್ತದೆ, ಮುಂದಿನದು ಜಾರಿದರೆ ಅದೂ ಇರುವುದಿಲ್ಲ.

ಕೊನೆಗೆ ಹಿಂದಕ್ಕೆ ಮತ್ತೆ 100/90-17, ಮುಂದಕ್ಕೆ ಮೊದಲಿದ್ದ 2.75-17 ಅಳತೆಯದನ್ನೇ ಒಂದೇ ದಿನ ಹಾಕಿಸಿದೆ. ಅಳತೆ ಹಳೆಯದೇ ಆದರೂ ಈ ಸಲ ಮೆದು ರಬ್ಬರಿನದನ್ನು, ನೀರು ಹೊರಚೆಲ್ಲಲು ಓರೆ ಕಾಲುವೆಗಳಿರುವುದನ್ನು ಆರಿಸಿಕೊಂಡೆ. ಪಂಕ್ಚರ್ ಅಂಗಡಿಯವರು ಅಂದಾಜಿನ ಮೇಲೆ 40ರವರೆಗೂ ತುಂಬುತ್ತಿದ್ದ ಗಾಳಿಯನ್ನು, ಕೈಪಿಡಿಯಲ್ಲಿರುವಂತೆ ಮುಂದೆ 25, ಹಿಂದೆ ಒಬ್ಬನೇ ಇದ್ದರೆ 28, ಇಬ್ಬರಿದ್ದರೆ 32 ಪಿ.ಎಸ್.ಐ.ಗೆ ಇಳಿಸಿ, ಬೆಳಿಗ್ಗೆ ಟೈರು ತಣ್ಣಗಿರುವಾಗ ನಾನೇ ಅಳೆಯತೊಡಗಿದೆ. ಹೊಸ ಟೈರಿನ ಮೇಲ್ಮೈ ನುಣುಪು ಹೋಗುವ ತನಕ, ಸುಮಾರು 150 ಕಿ.ಮೀ., ಹೆಚ್ಚು ವಾಲಿಸದೆ ಓಡಿಸಿದೆ.

ಆಮೇಲೆ ಘಾಟಿಗೆ ಹೋದಾಗ ಎರಡನೇ ಗೇರಿನಲ್ಲಿ ಅದೇ ತಿರುವು ಒಂದೇ ಒತ್ತಿಗೆ ಮುಗಿಯಿತು. ಈ ಮೆದು ರಬ್ಬರು ಬಾಳಿಕೆಯಲ್ಲಿ ಮಾತ್ರ ಸೋತಿತು: ಕಂಪನಿಯಿಂದ ಬಂದಿದ್ದ ಹಿಂದಿನ ಟೈರು 25,000 ಕಿ.ಮೀ. ದಾಟಿತ್ತು, ಇದು 14,000ಕ್ಕೇ ನಡುವೆ ಚಪ್ಪಟೆಯಾಯಿತು. ಅದೇ ಅಳತೆಯದನ್ನು ಮತ್ತೆ ಹಾಕಿಸಿದ್ದೇನೆ.