ಕೊಳಗೇರಿಯ ಹಿರಿಯರ ಬಿಪಿ, ಶುಗರ್: ಮನೆಗೇ ಹೋಗಿ ನೋಡುವ ಬಗೆ

ಮೊದಲು ಹೊತ್ತು ಗೊತ್ತುಮಾಡಿಕೊಳ್ಳಿ. ಎಷ್ಟೋ ಅಜ್ಜಿಯರು ಬೆಳಗಾಗುತ್ತಲೇ ಮನೆಗೆಲಸಕ್ಕೆ ಹೊರಡುತ್ತಾರೆ. ಕಾವೇರಿ ನೀರು ಬಿಡುವ ಹೊತ್ತಿಗೆ ಬಿಂದಿಗೆ ಬಿಟ್ಟು ಯಾರೂ ಬರುವುದಿಲ್ಲ. ನೀರಿಲ್ಲದ ದಿನ, ಸಂಜೆ ಐದರ ಮೇಲೆ ಹೋಗಿ.

ಬಿಪಿ ನೋಡುವ ಅರ್ಧ ಗಂಟೆ ಮೊದಲಿನಿಂದ ಕಾಫಿ, ಬೀಡಿ, ಹೊಗೆಸೊಪ್ಪು ಬೇಡ. ಐದು ನಿಮಿಷ ಮಾತಿಲ್ಲದೆ ಕೂರಿಸಿ: ಬೆನ್ನಿಗೆ ಗೋಡೆ, ಪಾದ ನೆಲದ ಮೇಲೆ, ತೋಳು ಎದೆಮಟ್ಟಕ್ಕೆ. ರವಿಕೆಯ ಮೇಲೆ ಪಟ್ಟಿ ಸುತ್ತಬೇಡಿ. ಸಣಕಲು ತೋಳಿಗೆ ದೊಡ್ಡ ಪಟ್ಟಿ ಕಟ್ಟಿದರೆ ಬಿಪಿ ಕಡಿಮೆ ತೋರಿಸುತ್ತದೆ, ದಪ್ಪ ತೋಳಿಗೆ ಚಿಕ್ಕದಾದರೆ ಹೆಚ್ಚು. ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿ, ಎರಡನ್ನೂ ಬರೆದುಕೊಳ್ಳಿ. ಬೇರೆ ಬೇರೆ ದಿನ ನೋಡಿದಾಗಲೂ 140/90 ದಾಟಿದ್ದರೆ ಡಾಕ್ಟರ ಹತ್ತಿರ ಕಳಿಸಿ. 180/120 ದಾಟಿ ಎದೆನೋವು, ಉಸಿರಾಟದ ತೊಂದರೆ ಇದ್ದರೆ ತಡಮಾಡದೆ 108 ಆಂಬುಲೆನ್ಸ್ ಕರೆಸಿ. ಮಾತು ತೊದಲಿದರೆ, ಒಂದು ಕಡೆಯ ಕೈಕಾಲು ಬಿದ್ದುಹೋದರೆ ಬಿಪಿ ಎಷ್ಟಿದ್ದರೂ 108.

ಎದ್ದು ನಿಂತ ಮೇಲೆ ಒಂದನೇ, ಮೂರನೇ ನಿಮಿಷಕ್ಕೂ ನೋಡಿ. ಇದನ್ನು ಬಿಟ್ಟುಬಿಡುವವರೇ ಹೆಚ್ಚು. ಮೇಲಿನ ಸಂಖ್ಯೆ 20 ಅಥವಾ ಕೆಳಗಿನದು 10 ಇಳಿದರೆ ಚೀಟಿಯಲ್ಲಿ ಬರೆದು ಡಾಕ್ಟರಿಗೆ ತಿಳಿಸಿ. ರಾತ್ರಿ ಶೌಚಾಲಯಕ್ಕೆಂದು ಏಳುವಾಗ ತಲೆಸುತ್ತಿ ಬೀಳುವ ಭಯ ಇಂಥವರಿಗೇ ಜಾಸ್ತಿ.

ಶುಗರ್‌ಗೆ ಕೈ ಸೋಪಿನಲ್ಲಿ ತೊಳೆದು ಒರೆಸಿರಬೇಕು. ಬಾಳೆಹಣ್ಣು ಸುಲಿದ ಬೆರಳಲ್ಲಿ ಲೆಕ್ಕ ಸುಳ್ಳಾಗುತ್ತದೆ. ಬೆರಳ ತುದಿಗಲ್ಲ, ಪಕ್ಕಕ್ಕೆ ಚುಚ್ಚಿ. ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ ಬೇಡ. ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ತೇವ ಹಿಡಿದು ಸ್ಟ್ರಿಪ್ ಕೆಡುತ್ತದೆ. 70ಕ್ಕಿಂತ ಕಡಿಮೆ ಬಂದರೆ, ಎಚ್ಚರವಿದ್ದು ನುಂಗುವ ಹಾಗಿದ್ದರೆ, ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ ಹದಿನೈದು ನಿಮಿಷಕ್ಕೆ ಮತ್ತೆ ನೋಡಿ.

ನಿಜವಾದ ಕೆಲಸ ಇರುವುದು ಮಾತ್ರೆ ಕವರಿನಲ್ಲಿ. “ಮಾತ್ರೆ ತಗೋತಿದ್ದೀರಾ?” ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ. “ಅಜ್ಜಿ, ಕವರ್ ತನ್ನಿ, ನೋಡೋಣ” ಅನ್ನಿ. ಕೊಟ್ಟ ದಿನದಿಂದ ಇವತ್ತಿನವರೆಗೆ ಎಷ್ಟು ಖರ್ಚಾಗಬೇಕಿತ್ತು, ಎಷ್ಟು ಉಳಿದಿದೆ, ಎಣಿಸಿ. “ಹುಷಾರಾಗಿದ್ದೀನಿ” ಎಂದು ನಿಲ್ಲಿಸಿದವರು, ಗಂಡನ ಮಾತ್ರೆಯನ್ನೇ ನುಂಗುವವರು ಆಗ ಸಿಗುತ್ತಾರೆ. ಅದೇ ಕವರಿನಲ್ಲಿ ಮಂಡಿನೋವಿಗೆ ಮೆಡಿಕಲ್‌ನಿಂದ ತಂದ ಡೈಕ್ಲೋಫೆನಾಕ್ ಇದ್ದರೆ ಗುರುತು ಹಾಕಿ. ಅದು ಬಿಪಿ ಏರಿಸುತ್ತದೆ, ಕಿಡ್ನಿಗೂ ಪೆಟ್ಟು. ಓದಲು ಬರದವರಿಗೆ ಬೆಳಗಿನ ಮಾತ್ರೆ ಪಟ್ಟಿಯ ಮೇಲೆ ಸೂರ್ಯ, ರಾತ್ರಿಯದಕ್ಕೆ ಚಂದ್ರ ಬರೆದುಕೊಡಿ. ನೀವಾಗಿ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ, ಹೆಚ್ಚಿಸಬೇಡಿ.

ಸರ್ಕಾರದ ‘ನಮ್ಮ ಕ್ಲಿನಿಕ್’ನಲ್ಲಿ ಬಿಪಿ, ಶುಗರ್ ಮಾತ್ರೆ ಪುಕ್ಕಟೆ. ಆದರೆ ಮಕ್ಕಳು ಕೆಲಸ ಮುಗಿಸಿ ಬರುವಷ್ಟರಲ್ಲಿ ಎಷ್ಟೋ ಕಡೆ ಬಾಗಿಲು ಹಾಕಿರುತ್ತದೆ. ಹಾಗಾಗಿ ಬರೀ ಚೀಟಿ ಕೊಟ್ಟರೆ ಸಾಲದು. ಯಾವ ದಿನ, ಯಾರ ಜೊತೆ ಹೋಗುತ್ತಾರೆ ಎಂಬುದನ್ನು ಅಲ್ಲೇ ಕೇಳಿ ಬರೆದುಕೊಳ್ಳಿ. ಮನೆಯವರು ಇಲ್ಲದಿದ್ದರೆ ಆಶಾ ಕಾರ್ಯಕರ್ತೆಗೆ ಆಗಲೇ ಫೋನ್ ಮಾಡಿ ಹೇಳಿ.