ವಕೀಲಿಕೆ ಬಿಟ್ಟು ಸಂವಹನ ಪಾಠಕ್ಕೆ ಬಂದೆ: ನನ್ನ ಅನುಭವ

ಧಾರವಾಡದಲ್ಲಿ ಹೈಕೋರ್ಟ್ ಪೀಠ 2008ರಲ್ಲಿ ಶುರುವಾಗಿ 2013ರಲ್ಲಿ ಕಾಯಂ ಆಯ್ತು. ಬೆಂಗಳೂರಿಗೆ ಓಡಾಡುವ ಕಷ್ಟ ತಪ್ಪಿದ ಮೇಲೆ ವಕೀಲಿಕೆ ಯಾಕೆ ಬಿಟ್ಟಿರಿ ಅಂತ ಸುಮಾರು ಜನ ಕೇಳುತ್ತಾರೆ. ನಾನೀಗ ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಸಂವಹನ ಕಲಿಸುತ್ತೇನೆ.

ಸಿವಿಲ್ ಕೇಸುಗಳಲ್ಲಿ 2002ರ ತಿದ್ದುಪಡಿಯ ನಂತರ ಸಾಕ್ಷಿಯ ಮುಖ್ಯ ವಿಚಾರಣೆ, ಅಂದರೆ ಅವನು ತನ್ನ ಕಡೆಯಿಂದ ಮೊದಲು ಹೇಳುವ ಮಾತು, ಅಫಿಡವಿಟ್‌ನಲ್ಲೇ (ಪ್ರಮಾಣ ಮಾಡಿದ ಲಿಖಿತ ಹೇಳಿಕೆಯಲ್ಲೇ) ಮುಗಿಯುತ್ತದೆ. ಬದುವಿನ ಜಗಳಕ್ಕೆ ಬಂದ ರೈತ ತನ್ನ ಹೊಲದ ಕಥೆಯನ್ನು ಎಷ್ಟು ಚೆನ್ನಾಗಿ ಹೇಳುತ್ತಿದ್ದ! ಕಾಗದದ ಮೇಲೆ ಬರುವಾಗ ಅದು ವಕೀಲರ ಭಾಷೆ ಆಗಿರುತ್ತಿತ್ತು. ಆಮೇಲೆ ಎದುರು ಕಡೆಯ ವಕೀಲರ ಪಾಟೀಸವಾಲಿನಲ್ಲಿ ಆ ಭಾಷೆಗೆ ಅವನೇ ಉತ್ತರ ಕೊಡಬೇಕು, ತಡವರಿಸುತ್ತಿದ್ದ. ಜನ ತಮ್ಮ ಮಾತನ್ನು ತಾವೇ ಹೇಳುವಂತಾಗಬೇಕು ಅನ್ನೋದು ನನ್ನ ತಲೆಯಲ್ಲಿ ಕೂತಿದ್ದು ಅಲ್ಲೇ.

ದಾರಿ ಮಾತ್ರ ಸುಲಭ ಇರಲಿಲ್ಲ. ಕಾನೂನು ಪಾಠ ಆಗಿದ್ದರೆ ದಿನಕ್ಕೆ ಮೂರು ಗಂಟೆಯವರೆಗೆ ವಕೀಲಿಕೆಯ ಜೊತೆಗೇ ಮಾಡಬಹುದು, ನಿಯಮವೇ ಇದೆ. ಬೇರೆ ವಿಷಯದಲ್ಲಿ ಪೂರ್ಣಾವಧಿ ಸಂಬಳದ ಕೆಲಸಕ್ಕೆ ಸೇರಿದರೆ ಸನ್ನದು, ಅಂದರೆ ವಕೀಲಿಕೆಯ ಪರವಾನಗಿ, ಅಮಾನತಿನಲ್ಲಿಡಬೇಕು. ಎಲ್‌ಎಲ್‌ಬಿ ಒಂದೇ ಸಾಲದು ಅಂತ ಪತ್ರಿಕೋದ್ಯಮದಲ್ಲಿ ಎಂಎ ಮಾಡಿದೆ, ಕಾಲೇಜು ಅಧ್ಯಾಪಕರಾಗಲು ಇರುವ ಅರ್ಹತಾ ಪರೀಕ್ಷೆ ಎನ್‌ಇಟಿ ಬರೆದೆ. ಅದರ ಮೊದಲ ಪತ್ರಿಕೆಯಲ್ಲೇ ಸಂವಹನ ಒಂದು ಘಟಕ. ಕಷ್ಟ ಆಗಿದ್ದು ಕಕ್ಷಿದಾರರ ಫೈಲು ಬೇರೆ ವಕೀಲರಿಗೆ ಒಪ್ಪಿಸೋದು. ಒಬ್ಬೊಬ್ಬರನ್ನೂ ಕರೆದು, ಒಪ್ಪಿಸಿ, ಹೊಸ ವಕೀಲರಿಗೆ ಅಧಿಕಾರ ಕೊಡುವ ವಕಾಲತ್ತಿಗೆ ಸಹಿ ಮಾಡಿಸಬೇಕಿತ್ತು. ವರ್ಷಗಟ್ಟಲೆ ನಂಬಿದವರು, ಅಲ್ವಾ?

ಕ್ಲಾಸಿನಲ್ಲಿ ನನ್ನ ವಾದ ಮಾಡುವ ಅಭ್ಯಾಸ ಅಷ್ಟಾಗಿ ಉಪಯೋಗಕ್ಕೆ ಬರಲ್ಲ. ಉಪಯೋಗಕ್ಕೆ ಬಂದಿದ್ದು ಸಾಕ್ಷ್ಯದ ಒಂದು ನಿಯಮ. ನಮ್ಮ ಕಡೆಯ ಸಾಕ್ಷಿಗೆ ಉತ್ತರ ಸೂಚಿಸುವ ಪ್ರಶ್ನೆ ಕೇಳುವಂತಿಲ್ಲ. 1872ರ ಸಾಕ್ಷ್ಯ ಕಾಯ್ದೆಯಲ್ಲೂ ಇತ್ತು, 2024ರ ಜುಲೈ 1ರಿಂದ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಇದೆ. ‘ಅರ್ಥ ಆಯ್ತಾ?’ ಅನ್ನೋದೂ ಅಂಥದ್ದೇ ಪ್ರಶ್ನೆ. ಇಡೀ ಕ್ಲಾಸು ‘ಹೂಂ ಸರ್’ ಅನ್ನುತ್ತದೆ, ಯಾರಿಗೆ ಏನು ತಿಳೀತು ಅಂತ ಗೊತ್ತಾಗಲ್ಲ.

ಹಾಗಾಗಿ ಒಂದು ಅಭ್ಯಾಸ ಮಾಡಿಸುತ್ತೇನೆ. ಒಬ್ಬರು ತಾವು ಕಣ್ಣಾರೆ ಕಂಡ ಘಟನೆ ಹೇಳಬೇಕು. ಉಳಿದವರು ಯಾರು, ಎಲ್ಲಿ, ಆಮೇಲೇನಾಯ್ತು ಅಂತ ಮಾತ್ರ ಕೇಳಬೇಕು. ಕುಂದಗೋಳದಿಂದ ಬರುವ ಹುಡುಗಿಯೊಬ್ಬಳು ಹೊಸೂರು ಸರ್ಕಲ್ಲಿನಲ್ಲಿ ಕಂಡ ಅಪಘಾತ ಹೇಳುತ್ತಾ ‘ಬೈಕಿನವಂದ ತಪ್ಪರಿ ಸರ್’ ಅಂದಳು. ನೀನು ಏನು ನೋಡಿದೆ ಅಂತ ಗೆಳತಿ ಕೇಳಿದಳು. ಸ್ವಲ್ಪ ಹೊತ್ತು ಸುಮ್ನಿದ್ದಳು. ‘ನಾ ಸಪ್ಪಳ ಕೇಳಿ ತಿರುಗಿ ನೋಡೇನ್ರಿ. ಅಷ್ಟೊತ್ತಿಗೆ ಬೈಕ್ ಬಿದ್ದಿತ್ತು’ ಅಂದಳು. ತಾನು ಕಂಡದ್ದಕ್ಕೂ ಊಹಿಸಿದ್ದಕ್ಕೂ ಇರುವ ಅಂತರವನ್ನು ಅವಳೇ ಕಂಡುಕೊಂಡಳು. ಧಾರವಾಡದ ಮಾತನ್ನು ನಾನು ತಿದ್ದಲ್ಲ. ಮೊದಲು ಹೇಳುವ ವಿಷಯ ಗಟ್ಟಿಯಾಗಲಿ, ಸಂದರ್ಶನಕ್ಕೆ ಬೇಕಾದ ಭಾಷೆ ಆಮೇಲೆ ಕಲಿಸಿದರಾಯ್ತು.

ಹುಡುಗರನ್ನು ಧಾರವಾಡದ ಜಿಲ್ಲಾ ಕೋರ್ಟಿಗೂ ಕರೆದೊಯ್ಯುತ್ತೇನೆ. ಸಾಮಾನ್ಯವಾಗಿ ಕಲಾಪವನ್ನು ಯಾರು ಬೇಕಾದರೂ ಕೂತು ನೋಡಬಹುದು. ಹಿಂದಿನ ಬೆಂಚಿನಲ್ಲಿ ಕೂತು ಪ್ರಶ್ನೆಗಳನ್ನಷ್ಟೇ ಬರೆದುಕೊಳ್ಳಿ ಅಂತ ಹೇಳಿರುತ್ತೇನೆ. ಮರುದಿನದ ಕ್ಲಾಸು ಪೂರ್ತಿ ಆ ಪ್ರಶ್ನೆಗಳ ಮೇಲೇ ನಡೆಯುತ್ತದೆ.