ಬ್ರೇಕ್ ಪಾರ್ಟ್ ಆರ್ಡರ್ ಮಾಡೋಕೆ ಮುಂಚೆ ಚಕ್ರ ಬಿಚ್ಚಿ ನೋಡಿ

ಮನೇಲೇ ಬ್ರೇಕ್ ಪ್ಯಾಡ್ ಬದಲಾಯಿಸ್ಬೇಕು ಅಂತ ಹೊರಟವರು ಮೊದ್ಲು ಮಾಡೋ ಕೆಲ್ಸ ಏನಂದ್ರೆ ಮೊಬೈಲ್ ತೆಗ್ದು ಕಾರಿನ ಹೆಸ್ರು, ವರ್ಷ ಹಾಕಿ ಹುಡುಕಿ ಮೇಲ್ಗಡೆ ಕಂಡಿದ್ದನ್ನ ಆರ್ಡರ್ ಮಾಡೋದು. ಬಾಕ್ಸ್ ಬಂದ್ಮೇಲೆ ನೋಡಿದ್ರೆ ಪ್ಯಾಡ್ ಕೂರೋದೇ ಇಲ್ಲ. ಯಾಕಂದ್ರೆ ಎಷ್ಟೋ ಸಲ ಒಂದೇ ಮಾಡೆಲ್ ಒಂದೇ ವರ್ಷದ ಕಾರಿಗೇ ಎರಡು ಬೇರೆ ಬೇರೆ ಸಪ್ಲೈಯರ್‌ಗಳ ಕ್ಯಾಲಿಪರ್ (ಚಕ್ರದ ಜೊತೆ ತಿರುಗೋ ಡಿಸ್ಕ್‌ಗೆ ಪ್ಯಾಡ್ ಒತ್ತೋ ಭಾಗ) ಹಾಕಿರ್ತಾರೆ, ಎಂಜಿನ್ ದೊಡ್ಡದಿದ್ರೆ ಡಿಸ್ಕೂ ದೊಡ್ಡದಿರುತ್ತೆ, ಟಾಪ್ ವೇರಿಯಂಟ್‌ನಲ್ಲಿ ಹಿಂದೆ ಡಿಸ್ಕ್ ಇದ್ರೆ ಬೇಸ್ ವೇರಿಯಂಟ್‌ನಲ್ಲಿ ಡ್ರಮ್ ಇರುತ್ತೆ. ಹಂಗಾಗಿ ಮೊದ್ಲು ಬಿಚ್ಚಿ ನೋಡಿ, ಅಳತೆ ಬರ್ಕೊಂಡು ಆಮೇಲೆ ಆರ್ಡರ್ ಮಾಡಿ.

ಛಾಸಿ ನಂಬರ್‌ನಿಂದ ಶುರು ಮಾಡಿ. 17 ಅಕ್ಷರ-ಅಂಕಿ ಇರುತ್ತೆ, ವಿಂಡ್‌ಶೀಲ್ಡ್ ಕೆಳಗಿನ ಮೂಲೇಲೋ ಡ್ರೈವರ್ ಬಾಗಿಲಿನ ಕಂಬದ ಮೇಲೋ ಸಿಗುತ್ತೆ, ಗಾಡಿ ಕಾಗದದಲ್ಲೂ ಇರುತ್ತೆ. ಅದ್ರಲ್ಲಿ ಐ, ಓ, ಕ್ಯೂ ಅಕ್ಷರಗಳನ್ನ ಬಳಸೋದೇ ಇಲ್ಲ, ಅಂಥದ್ದು ಕಂಡ್ರೆ ಒಂದು ಇಲ್ಲಾ ಸೊನ್ನೆ ಅಂತಾನೇ ಓದಿ. ಈ ನಂಬರ್ ಕೊಟ್ರೆ ಕಂಪನಿ ಪಾರ್ಟ್ಸ್ ಕೌಂಟರ್‌ನವ್ರು ಒರಿಜಿನಲ್ ಪಾರ್ಟ್ ನಂಬರ್ ತೆಗೆದು ಕೊಡ್ತಾರೆ, ಅದನ್ನ ಬೇರೆ ಬ್ರ್ಯಾಂಡ್‌ಗಳ ಕ್ಯಾಟಲಾಗ್‌ನಲ್ಲಿ ಹಾಕಿದ್ರೆ ಅವರ ನಂಬರ್ ಸಿಗುತ್ತೆ. ಕಾರಿನ ಹೆಸ್ರು ಹಾಕಿ ಹುಡುಕೋದಕ್ಕಿಂತ ಇದು ಎಷ್ಟೋ ಗ್ಯಾರಂಟಿ.

ಆಮೇಲೆ ಚಕ್ರ ಬಿಚ್ಚಿ. ಸಮತಟ್ಟಾದ ಗಟ್ಟಿ ನೆಲದಲ್ಲಿ ಮಾತ್ರ, ಬೇರೆ ಚಕ್ರಕ್ಕೆ ಅಡ್ಡ ಕಟ್ಟೆ ಕೊಟ್ಟು, ಜಾಕ್ ಎತ್ತಿದ್ಮೇಲೆ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಕೈ ಹಾಕ್ಬೇಡಿ, ದಯವಿಟ್ಟು. ಬ್ರೇಕ್ ಧೂಳನ್ನ ಗಾಳಿ ಹೊಡೆದು ಎಬ್ಬಿಸ್ಬೇಡಿ, ಬ್ರೇಕ್ ಕ್ಲೀನರ್ ಹಾಕಿ ಒದ್ದೆ ಮಾಡಿ ಒರೆಸಿ.

ಪ್ಯಾಡ್‌ನಲ್ಲಿ ಮಸಾಲೆ (ಡಿಸ್ಕ್‌ಗೆ ಉಜ್ಜೋ ಪದರ) 3 ಮಿಮೀ ಹತ್ರ ಬಂದಿದ್ರೆ ಬದಲಾಯಿಸೋ ಟೈಮ್ ಬಂತು. ಹೊರಗಿನ ಪ್ಯಾಡ್ ಮಾತ್ರ ನೋಡಿ ಸಮಾಧಾನ ಮಾಡ್ಕೊಳ್ಬೇಡಿ, ಒಳಗಿಂದು ಜಾಸ್ತಿ ಸವೆದಿದ್ರೆ ಸಾಮಾನ್ಯವಾಗಿ ಕ್ಯಾಲಿಪರ್‌ನ ಸ್ಲೈಡ್ ಪಿನ್ (ಕ್ಯಾಲಿಪರ್ ಆ ಕಡೆ ಈ ಕಡೆ ಸರಿಯೋಕೆ ಇರೋ ಪಿನ್) ಹಿಡ್ಕೊಂಡಿರುತ್ತೆ, ಆಗ ಪಿನ್ ಕಿಟ್ಟೂ ಲಿಸ್ಟ್‌ಗೆ ಸೇರಿಸಿ, ಇಲ್ದಿದ್ರೆ ಹೊಸ ಪ್ಯಾಡೂ ಹಂಗೇ ಸವೆಯುತ್ತೆ. ಪ್ಯಾಡ್ ಆಕಾರ, ಎರಡೂ ತುದಿಯ ಕಿವಿಗಳು, ಸೆನ್ಸರ್ ವೈರ್ ಇದ್ಯಾ ಇಲ್ವಾ, ಹಿಂದಿನ ಪ್ಲೇಟ್ ಮೇಲಿನ ನಂಬರ್‌ಗಳು, ಕ್ಯಾಲಿಪರ್ ಮೇಲೆ ಅಚ್ಚಾಗಿರೋ ಕಂಪನಿ ಹೆಸ್ರು, ಎಲ್ಲದರ ಫೋಟೋ ತೆಗೀರಿ.

ಡಿಸ್ಕ್ ಅಳೆಯೋದ್ರಲ್ಲಿ ತುಂಬ ಜನ ತಪ್ಪೋದು. ಕನಿಷ್ಠ ದಪ್ಪ ಎಷ್ಟಿರ್ಬೇಕು ಅಂತ ಸಾಮಾನ್ಯವಾಗಿ ಡಿಸ್ಕ್ ಮೇಲೇ ಕೆತ್ತಿರ್ತಾರೆ, ತುಕ್ಕು ಉಜ್ಜಿದ್ರೆ ಕಾಣುತ್ತೆ. ಆದ್ರೆ ಪ್ಯಾಡ್ ತಾಗದ ಅಂಚಲ್ಲಿ ಒಂದು ಏಣು ಉಳ್ಕೊಂಡಿರುತ್ತೆ, ದಪ್ಪ ಅಳೆಯೋ ವರ್ನಿಯರ್‌ನ ದವಡೆ ಅದ್ರ ಮೇಲೆ ಕೂತು ಡಿಸ್ಕ್ ಇನ್ನೂ ದಪ್ಪ ಇದೆ ಅಂತ ಸುಳ್ಳು ಹೇಳುತ್ತೆ. ಅದಕ್ಕೆ ಎರಡು ನಾಣ್ಯ ತಗೊಂಡು ಮೊದ್ಲು ಅವೆರಡರ ದಪ್ಪ ಒಟ್ಟಿಗೆ ಅಳೆದು ಬರ್ಕೊಳ್ಳಿ, ಆಮೇಲೆ ಡಿಸ್ಕ್‌ನ ಸವೆದ ಜಾಗದಲ್ಲಿ ಆ ಕಡೆ ಒಂದು ಈ ಕಡೆ ಒಂದು ನಾಣ್ಯ ಇಟ್ಟು ಅಳೆದು, ನಾಣ್ಯದ ದಪ್ಪ ಕಳೀರಿ. ಬಂದಿದ್ದು ಕೆತ್ತಿರೋ ಅಂಕಿಗಿಂತ ಕಮ್ಮಿ ಇದ್ರೆ, ಇಲ್ಲಾ ಅದರ ಹತ್ರಾನೇ ಇದ್ರೆ, ಡಿಸ್ಕೂ ಹೊಸದು ಬೇಕು. ಹೊಸದಕ್ಕೆ ವ್ಯಾಸ, ದಪ್ಪ, ಎತ್ತರ, ನಡುವಿನ ತೂತು, ಬೋಲ್ಟ್ ತೂತು ಎಷ್ಟು, ಒಳಗೆ ಗಾಳಿ ಹೋಗೋ ಸಂದು ಇದ್ಯಾ, ಇಷ್ಟೂ ಬರ್ಕೊಳ್ಳಿ. ಡ್ರಮ್ ಆದ್ರೆ ಲೆಕ್ಕ ಉಲ್ಟಾ, ಅದ್ರ ಮೇಲೆ ಇರೋದು ಗರಿಷ್ಠ ಒಳವ್ಯಾಸ.

ಪ್ಯಾಡ್ ಆಗ್ಲಿ ಡಿಸ್ಕ್ ಆಗ್ಲಿ ಒಂದೇ ಆಕ್ಸಲ್‌ನ ಎರಡೂ ಕಡೆಗೆ ಸೇರಿಸಿ ತಗೊಳ್ಳಿ, ಒಂದು ಕಡೆ ಮಾತ್ರ ಹೊಸದು ಹಾಕಿದ್ರೆ ಬ್ರೇಕ್ ಹೊಡೆದಾಗ ಗಾಡಿ ಒಂದು ಕಡೆ ಎಳೆಯಬಹುದು. ಕ್ಯಾಲಿಪರ್ರೇ ಬದಲಾಯಿಸೋದಾದ್ರೆ ಎಡ-ಬಲ ನೋಡಿ ತಗೊಳ್ಳಿ, ಗಾಳಿ ಬಿಡೋ ಸ್ಕ್ರೂ ಮೇಲ್ಗಡೆ ಬರ್ಬೇಕು, ಕೆಳಗೆ ಬಂದ್ರೆ ಗಾಳಿ ಹೊರಗೆ ಹೋಗಲ್ಲ, ಪೆಡಲ್ ಸ್ಪಂಜ್ ಥರ ಆಗುತ್ತೆ.

ಬ್ರ್ಯಾಂಡ್ ವಿಷ್ಯಕ್ಕೆ ಬಂದ್ರೆ, ಪ್ಯಾಡ್ ಮೇಲಿನ ಗುರುತು ಓದೋದು ಕಲೀರಿ. ವೃತ್ತದೊಳಗೆ ಇ ಅಕ್ಷರ, ಪಕ್ಕದಲ್ಲಿ 90ಆರ್ ಅಂತ ಶುರುವಾಗೋ ನಂಬರ್ ಇದ್ರೆ ವಿಶ್ವಸಂಸ್ಥೆಯ ವಾಹನ ನಿಯಮ 90ರ ಪ್ರಕಾರ ಟೆಸ್ಟ್ ಆಗಿ ಒಪ್ಪಿಗೆ ಪಡೆದ ಪ್ಯಾಡ್ ಅಂತ. ಕೆಲವು ಪ್ಯಾಡ್ ಅಂಚಲ್ಲಿ ಎಫ್ಎಫ್, ಜಿಜಿ ಅಂತ ಎರಡು ಅಕ್ಷರ ಇರುತ್ತೆ, ಮೊದಲನೇದು ಸಾಮಾನ್ಯ ಬಿಸಿಯಲ್ಲಿ, ಎರಡನೇದು ಜಾಸ್ತಿ ಕಾದಾಗ ಎಷ್ಟು ಹಿಡಿಯುತ್ತೆ ಅನ್ನೋದು. ಈ ಎರಡಕ್ಷರದ ಗುರುತಲ್ಲಿ ಇ ಅಂದ್ರೆ ಘರ್ಷಣಾಂಕ (ಎಷ್ಟು ಹಿಡಿಯುತ್ತೆ ಅನ್ನೋ ಅಳತೆ) 0.25ರಿಂದ 0.35, ಎಫ್ 0.35ರಿಂದ 0.45, ಜಿ 0.45ರಿಂದ 0.55. ಇದ್ರಿಂದ ಬಾಳಿಕೆ ಗೊತ್ತಾಗಲ್ಲ, ಆದ್ರೆ ಒರಿಜಿನಲ್‌ಗೆ ಹತ್ರದ್ದು ಯಾವುದು ಅಂತ ಗೊತ್ತಾಗುತ್ತೆ. ಒರಿಜಿನಲ್ಲೇ ಬೇಕು ಅಂತ ನಾನು ಹೇಳಲ್ಲ, ಹೆಸರಿರೋ ಬ್ರೇಕ್ ಕಂಪನಿದಾದ್ರೆ ಸಾಕು. ಆದ್ರೆ ಬಾಕ್ಸ್ ಮೇಲೆ ಸ್ಪೆಲ್ಲಿಂಗ್ ತಪ್ಪು, ಬ್ಯಾಚ್ ನಂಬರ್ ಇಲ್ಲ, ಮಾಮೂಲಿಗಿಂತ ಅರ್ಧ ರೇಟು ಅಂದ್ರೆ ಮುಟ್ಬೇಡಿ, ಬ್ರೇಕ್ ವಿಷ್ಯದಲ್ಲಿ ನಕಲಿ ಪಾರ್ಟ್ ಜೀವಕ್ಕೇ ಕುತ್ತು. ಗುಜರಿ ಗಾಡಿಯಿಂದ ತೆಗೆದ ಪ್ಯಾಡ್, ಹೋಸ್ (ಬ್ರೇಕ್ ಆಯಿಲ್ ಹೋಗೋ ರಬ್ಬರ್ ಪೈಪು) ಕೂಡ ಬೇಡ.

ಗಾಡಿಯಲ್ಲಿರೋ ಬ್ರೇಕ್ ಆಯಿಲ್ ಡಬ್ಬಿ ಮುಚ್ಚಳದ ಮೇಲೆ ಬರೆದಿರೋ ಗ್ರೇಡೇ ತಗೊಳ್ಳಿ. ಡಾಟ್ 3, 4, 5.1 ಒಂದೇ ಗ್ಲೈಕಾಲ್ ಜಾತಿ, ಡಾಟ್ 5 ಸಿಲಿಕೋನ್, ಈ ಎರಡು ಜಾತಿ ಬೆರೆಸೋ ಹಾಗೇ ಇಲ್ಲ. ಸೀಲ್ ಒಡೆದು ಬಹಳ ದಿನ ಆದ ಬಾಟಲಿ ತೇವ ಎಳ್ಕೊಂಡಿರುತ್ತೆ, ಹೊಸದು ತಗೊಳ್ಳಿ. ಜೊತೆಗೆ ಕ್ಲಿಪ್ ಸೆಟ್, ಪಿನ್‌ಗೆ ಬ್ರೇಕ್‌ಗಂತಲೇ ಬರೋ ಗ್ರೀಸ್ ತಗೊಳ್ಳಿ, ಮಾಮೂಲಿ ಗ್ರೀಸ್ ಹಾಕಿದ್ರೆ ರಬ್ಬರ್ ಊದ್ಕೊಳ್ಳುತ್ತೆ. ಹೋಸ್ ಬಿಚ್ಚೋದಾದ್ರೆ ಹೊಸ ತಾಮ್ರದ ವಾಷರ್ರೂ ಬೇಕು. ಹಿಂದೆ ಎಲೆಕ್ಟ್ರಿಕ್ ಪಾರ್ಕಿಂಗ್ ಬ್ರೇಕ್ ಇದ್ರೆ ಅದನ್ನ ಸರ್ವಿಸ್ ಮೋಡ್‌ಗೆ (ಪ್ಯಾಡ್ ಬದಲಾಯಿಸೋಕೆ ಬ್ರೇಕ್ ಹಿಂದಕ್ಕೆ ಸರಿಯೋ ಸ್ಥಿತಿ) ಹಾಕೋದು ಹೆಂಗೆ ಅಂತ ಮೊದಲೇ ತಿಳ್ಕೊಳ್ಳಿ.

ಪಾರ್ಟ್ ಬಂದ್ಮೇಲೆ ಹಳೇದರ ಪಕ್ಕ ಇಟ್ಟು ಕಿವಿ, ತೂತು, ಎತ್ತರ ಎಲ್ಲ ಹೋಲಿಸಿ ನೋಡಿ, ಒಂಚೂರು ಬೇರೆ ಇದ್ರೂ ಹಾಕೋಕೆ ಹೋಗ್ದೆ ವಾಪಸ್ ಕಳ್ಸಿ, ಒಂದ್ಸಲ ಫಿಟ್ ಮಾಡಿದ್ಮೇಲೆ ಸಾಮಾನ್ಯವಾಗಿ ಯಾರೂ ವಾಪಸ್ ತಗೊಳ್ಳಲ್ಲ. ಫೈಲ್‌ನಲ್ಲಿ ಉಜ್ಜಿ ಕೂರಿಸೋ ಬುದ್ಧಿವಂತಿಕೆ ಬೇಡವೇ ಬೇಡ. ಹೊಸ ಡಿಸ್ಕ್ ಮೇಲೆ ತುಕ್ಕು ಹಿಡೀದೇ ಇರ್ಲಿ ಅಂತ ಎಣ್ಣೆ ಸವರಿರ್ತಾರೆ, ಅದನ್ನ ಕ್ಲೀನರ್ ಹಾಕಿ ಪೂರ್ತಿ ತೆಗೀರಿ. ಎಲ್ಲ ಜೋಡಿಸಿದ್ಮೇಲೆ ಗಾಡಿ ಅಲ್ಲಾಡಿಸೋ ಮುಂಚೆ ಪೆಡಲ್ ಗಟ್ಟಿ ಆಗೋವರ್ಗೂ ಒತ್ತಿ ಒತ್ತಿ ಬಿಡಿ, ಮೊದಲ ಒಂದೆರಡು ಸಲ ಅದು ನೆಲದ ತನಕ ಹೋಗುತ್ತೆ.